ಅಪ್ಪ ಒಗೆದ ಲ್ಯಾಪ್‌ಟಾಪ್

ನಮ್ಮಪ್ಪನನ್ನು ಸೋಲಿಸುವ ಕಲೆ ಇನ್ನೂ ಯಾವ ಬಟ್ಟೆಯ ಮೇಲೂ ಬಿದ್ದಿಲ್ಲ. ಶಾಯಿ, ಎಣ್ಣೆ, ತುಕ್ಕು, ಏನೇ ಆಗಲಿ, ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಅದರ ಜಾತಕವನ್ನೇ ಹೇಳಿಬಿಡುತ್ತಾನೆ. ಮನೆಯ ಕೆಳಗಿನ ನಮ್ಮ ಲಾಂಡ್ರಿ ನಡೆಯುವುದೇ ಆ ಮೂಗಿನ ಮೇಲೆ.

ಆ ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿದವಳು ನಾನೇ. ಅದರೊಳಗೆ ನನ್ನ ಮೊದಲ ಪುಸ್ತಕವಿತ್ತು. ಕೋಟು ಕಳೆದುಕೊಂಡ ಕರಡಿಯ ಕಥೆಗೆ ಇಡೀ ಚಳಿಗಾಲ ಕೂತು ಬರೆದ ಚಿತ್ರಗಳು, ಮರುದಿನವೇ ಪ್ರಕಾಶಕಿಗೆ ಕೊಡಬೇಕು. ಇನ್ನೊಂದು ಪ್ರತಿ ಎಲ್ಲಿದೆ ಎಂದು ಕೇಳಬೇಡಿ. ತೆಗೆದಿಡುವಷ್ಟು ಬುದ್ಧಿ ಇದ್ದಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ.

ಕೂಡಲೇ ಆಫ್ ಮಾಡಿ, ವೈರ್ ಕಿತ್ತು, ಒರೆಸಿ, ಟವೆಲ್ ಮೇಲೆ ಬೋರಲು ಹಾಕಿದೆ. ರಿಪೇರಿಯವನು ಫೋನ್ ಎತ್ತದ್ದರಿಂದ ಅವನ ಮನೆಗೇ ಓಡಿದೆ. ಅವನು ಹಲ್ಲುಜ್ಜುತ್ತಲೇ ಧೈರ್ಯ ಹೇಳಿದ. ಮಾಡಿದ್ದೆಲ್ಲ ಸರಿಯಾಗಿದೆ, ಆನ್ ಮಾಡದೆ ಹಾಗೇ ತಂದುಕೊಡಿ, ಬಿಚ್ಚಿ ಒಣಗಿಸಿ ಬದುಕಿಸಿಕೊಡುತ್ತೇನೆ ಎಂದ. ಹೋದ ಜೀವ ಬಂದಂತಾಯಿತು.

ಮನೆಗೆ ಬಂದರೆ ಟವೆಲ್ ಇತ್ತು, ಲ್ಯಾಪ್‌ಟಾಪ್ ಇರಲಿಲ್ಲ. ಅದು ಹಿತ್ತಲಿನ ತಂತಿಯ ಮೇಲೆ, ಯಾರದೋ ಎರಡು ಅಂಗಿಗಳ ನಡುವೆ, ಬಾಯಿ ತೆರೆದು ನೇತಾಡುತ್ತಿತ್ತು. ಎರಡೂ ಕಡೆ ಕ್ಲಿಪ್ಪು, ಮೂಲೆಗೆ ಲಾಂಡ್ರಿಯ ಗುರುತಿನ ಚೀಟಿ. ಪಕ್ಕದಲ್ಲಿ ಅಪ್ಪ ತೋಳು ಮಡಚಿಕೊಂಡು ನಿಂತಿದ್ದ.

“ಹಾಲು, ಸಕ್ಕರೆ ಎರಡೂ ಇದ್ದ ಕಾಫಿ ಅದು. ಒಣಗಿದ್ಮೇಲೆ ಏನು ಮಾಡಿದ್ರೂ ಹೋಗಲ್ಲ. ಒದ್ದೆ ಇರುವಾಗ್ಲೇ ತೆಗೀಬೇಕು,” ಎಂದ.

ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ, ರೇಷ್ಮೆಗೆ ಬಳಸುವ ಮೆತ್ತನೆಯ ಬ್ರಶ್ಶಿನಿಂದ ಒಂದೊಂದು ಅಕ್ಷರದ ಸಂದಿಯನ್ನೂ ಉಜ್ಜಿದ್ದನಂತೆ. ಚೆನ್ನಾಗಿ ಜಾಲಿಸಿದ ಮೇಲೆ, ಸರಿಯಾಯಿತೇ ನೋಡೋಣವೆಂದು ಆನ್ ಕೂಡ ಮಾಡಿದ್ದನಂತೆ. ಒಮ್ಮೆ ಮಿನುಗಿ ಆರಿಹೋಯಿತು ಎಂದು ಹೇಳುವಾಗ ಮಾತ್ರ ಅವನ ದನಿ ಸ್ವಲ್ಪ ಇಳಿಯಿತು.

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅಮ್ಮ ಕಿಟಕಿಯಿಂದ ಇಣುಕಿ, ಇಸ್ತ್ರಿ ಮಾಡಲಿಲ್ಲವಲ್ಲ, ಅಷ್ಟಕ್ಕೆ ಸಂತೋಷಪಡು ಎಂದು ಸಮಾಧಾನ ಮಾಡಿದಳು. ಅದರಿಂದ ನನ್ನ ಪಿತ್ತ ಇನ್ನೂ ನೆತ್ತಿಗೇರಿತು.

“ನಿನಗೆ ಬಟ್ಟೆ ಬಿಟ್ಟು ಬೇರೇನಾದ್ರೂ ಕಣ್ಣಿಗೆ ಬೀಳುತ್ತಾ ಅಪ್ಪಾ? ಅದರೊಳಗೆ ಏನಿತ್ತು ಅಂತಾದ್ರೂ ಗೊತ್ತಾ?”

ಅಪ್ಪ ಕ್ಲಿಪ್ಪು ತೆಗೆದು ಲ್ಯಾಪ್‌ಟಾಪನ್ನು ನನ್ನ ಕೈಗಿಟ್ಟ.

ರಿಪೇರಿಯವನು ಹಿಂಬದಿ ಬಿಚ್ಚಿದಾಗ ನೊರೆ ಬಂತು. ಬರೀ ಕಾಫಿಯಾಗಿದ್ದರೆ ಉಳಿಸುತ್ತಿದ್ದೆ, ಸೋಪಿನ ನೀರು ತುಂಬಿದ್ದಾಗ ಆನ್ ಮಾಡಿದ್ದರಿಂದ ಎಲ್ಲ ಸುಟ್ಟಿದೆ, ಚಿತ್ರಗಳೂ ಹೋದವು ಎಂದ. ಪರಿಮಳ ಮಾತ್ರ ಚೆನ್ನಾಗಿದೆ ಎಂದು ಸೇರಿಸಿದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ನಮ್ಮ ಲಾಂಡ್ರಿಯಲ್ಲೊಂದು ಪದ್ಧತಿ ಇದೆ. ಗಿರಾಕಿಯ ಬಟ್ಟೆ ಹಾಳಾದರೆ ಅಪ್ಪ ಯಾರನ್ನೂ ಕಳಿಸುವುದಿಲ್ಲ. ಆ ಬಟ್ಟೆ ಹಿಡಿದು ತಾನೇ ಅವರ ಬಾಗಿಲಿಗೆ ಹೋಗಿ ಒಪ್ಪಿಕೊಳ್ಳುತ್ತಾನೆ. ಸೋಮವಾರ ನಾನು ಪ್ರಕಾಶಕಿಯ ಆಫೀಸಿಗೆ ಹೊರಡುವಾಗ, ಸತ್ತ ಲ್ಯಾಪ್‌ಟಾಪನ್ನು ಲಾಂಡ್ರಿಯ ಕಾಗದದಲ್ಲಿ ಸುತ್ತಿ, ದಾರ ಕಟ್ಟಿಕೊಂಡು, ಗರಿಗರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. ಮಾನ ಕಳೆಯಬೇಡ ಎಂದು ಗೋಗರೆದೆ. ಕಲ್ಲಿಗೆ ಹೇಳಿದಂತಾಯಿತು.

ಪ್ರಕಾಶಕಿಯ ಮೇಜಿನ ಮೇಲೆ ಪೊಟ್ಟಣ ಇಟ್ಟು ಅಪ್ಪ ಹೇಳಿದ: “ಹಾಳು ಮಾಡಿದ್ದು ನಾನು ಮೇಡಂ, ಇವಳಲ್ಲ.”

ತಡಮಾಡುವವರ ನೆಪಗಳನ್ನು ಕೇಳಿ ಕೇಳಿ ಆಕೆಯ ಕಿವಿ ತೂತಾಗಿತ್ತು. ಪೊಟ್ಟಣ ಬಿಚ್ಚಲೂ ಇಲ್ಲ. ಚಿತ್ರಗಳು ನಿಜಕ್ಕೂ ಮುಗಿದಿದ್ದವೇ, ಇಲ್ಲ ಈ ಕೆಲಸವನ್ನು ಬೇರೆಯವರಿಗೆ ಕೊಡಲೇ ಎಂದು ನನ್ನನ್ನು ಕೇಳಿದರು.

“ಮುಗಿದಿತ್ತು,” ಎಂದ ಅಪ್ಪ. “ಮೊದಲ್ನೇ ಪುಟದಲ್ಲಿ ಕರಡಿ ಕನ್ನಡಿ ಮುಂದೆ ಹೊಟ್ಟೆ ಒಳಗೆ ಎಳ್ಕೊಂಡು ನಿಂತಿರುತ್ತೆ. ಕೋಟು ಬಿಗಿ ಅದಕ್ಕೆ.”

ಹಾಗೆ ಶುರುಮಾಡಿದವನು ಪುಟ ಪುಟವಾಗಿ ಹೇಳುತ್ತಾ ಹೋದ. ನದಿಯ ಬಣ್ಣ, ಮೊಲದ ಮುನಿಸು, ಮರದ ಹಿಂದೆ ಅಡಗಿದ ನರಿಯ ಬಾಲ, ಒಂದನ್ನೂ ಬಿಡಲಿಲ್ಲ. ಚಳಿಗಾಲವೆಲ್ಲ ಇಸ್ತ್ರಿ ಬಟ್ಟೆ ಇಡಲು ನನ್ನ ಕೋಣೆಗೆ ಬಂದವನು ಬಟ್ಟೆ ಇಟ್ಟ ಮೇಲೂ ಬೆನ್ನ ಹಿಂದೆ ನಿಲ್ಲುತ್ತಿದ್ದ. ಮಂಡಿನೋವು, ಸುಧಾರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಿದ್ದೆ.

“ಕೊನೇ ಪುಟದಲ್ಲಿ ಕೋಟು ಸಿಗುತ್ತೆ. ಅದಕ್ಕೆ ಗುಂಡಿ ಐದು, ಕಾಜಾ ಮಾತ್ರ ನಾಲ್ಕು ಬರ್ದಿದ್ಳು. ಹೇಳಿದ್ರೆ ಬೇಜಾರು ಮಾಡ್ಕೋತಾಳೆ ಅಂತ ಸುಮ್ನಿದ್ದೆ.”

ಪ್ರಕಾಶಕಿ ನಕ್ಕುಬಿಟ್ಟರು. ಮತ್ತೆ ಬರೆಯಲು ಎಷ್ಟು ಸಮಯ ಬೇಕು ಎಂದರು. ಅದಕ್ಕೂ ಅಪ್ಪನೇ ಉತ್ತರ ಕೊಟ್ಟ.

“ಒಂದು ತಿಂಗಳು ಕೊಡಿ ಮೇಡಂ. ಇವಳ ಕೈ ನಿಧಾನ, ಆದ್ರೆ ಅಂಥ ಕೈ ನಾನು ಬೇರೆ ನೋಡಿಲ್ಲ.”

ನನಗೆ ತಡೆಯಲಾಗದೆ ಅಳು ಬಂತು. ಅಪ್ಪ ಜೇಬಿನಿಂದ ಕರವಸ್ತ್ರ ತೆಗೆದುಕೊಟ್ಟು, ಮಡಿಕೆ ಕೆಟ್ಟರೂ ಪರವಾಗಿಲ್ಲ, ಒರೆಸಿಕೋ ಎಂದ.