ಅಫುವಾ ಅಲ್ಲ, ಅಬೆನಾ

ಸಂತೆಯ ಜಗಳಗಳು ಹೇಗೆ ತೀರುತ್ತವೆ ಎಂಬ ನನ್ನ ಲೇಖನವನ್ನು ಸಂಶೋಧನಾ ಪತ್ರಿಕೆಯೊಂದು ಕೊನೆಗೂ ಒಪ್ಪಿತ್ತು. ಒಂದೇ ಷರತ್ತು: ಯಾರ ಬಗ್ಗೆ ಬರೆದಿದ್ದೇನೋ ಅವರಿಗೆ ಓದಿ ಹೇಳಿ ಒಪ್ಪಿಗೆ ತರಬೇಕು. ಅವರು ಬೇಡವೆಂದರೆ ಲೇಖನ ಅಚ್ಚಾಗುವುದಿಲ್ಲ.

ಹಾಗಾಗಿ ಘಾನಾದ ಕುಮಾಸಿ ಊರಿನ ಸಂತೆಯಲ್ಲಿ, ಹೆಗ್ಗೆಣಸಿನ ರಾಶಿಯ ಪಕ್ಕ ಮಣೆಯ ಮೇಲೆ ಕೂತು, ಜಗಳ ಬಿಡಿಸುವ ಹಿರಿಯಾಕೆಗೆ ನನ್ನ ಇಂಗ್ಲಿಷನ್ನು ಟ್ವಿ ಭಾಷೆಗೆ ತಿರುಗಿಸುತ್ತ ಓದಿದೆ. ‘ಅಫುವಾ ಇಬ್ಬರನ್ನೂ ಬೈದು, ಆಮೇಲೆ ಒಂದೇ ತಟ್ಟೆಯಲ್ಲಿ ಉಣ್ಣಿಸುತ್ತಾಳೆ’ ಎಂಬ ಸಾಲಿಗೆ ಬಂದಾಗ ನನ್ನ ದನಿ ತಗ್ಗಿತು. ಸಿಟ್ಟು ಬಂದೀತೇ ಎಂದು ಆಕೆಯ ಮುಖವನ್ನೇ ನೋಡಿದೆ. ಆಕೆ ತಲೆದೂಗುತ್ತಿದ್ದಳು.

“ಚೆನ್ನಾಗಿದೆ. ಈ ಅಫುವಾ ಅನ್ನೋಳು ಯಾರೇ?”

“ನೀವೇ ಅವ್ವಾ. ಗುರುತು ಸಿಗಬಾರದು ಅಂತ ಹೆಸರು ಬದಲಾಯಿಸಿದ್ದೀನಿ.”

“ಅಯ್ಯೋ ನಿನ್ನ! ನಾನು ಮಂಗಳವಾರ ಹುಟ್ಟಿದ ಅಬೆನಾ. ನನ್ನನ್ನ ಶುಕ್ರವಾರ ಹುಟ್ಟಿಸಿದ್ದೀಯಲ್ಲ! ನಮ್ಮಮ್ಮ ಇನ್ನೂ ಮೂರು ದಿನ ನೋವು ತಿನ್ನಬೇಕಿತ್ತಾ?”

ಘಾನಾದ ಉತ್ತರಕ್ಕಿರುವ ನಮ್ಮ ಕಡೆ ಇಲ್ಲಿನವರಂತೆ ಹುಟ್ಟಿದ ವಾರ ನೋಡಿ ಹೆಸರಿಡುವುದಿಲ್ಲ. ಅಫುವಾ ನನಗೆ ಬರೀ ಇಂಪಾದ ಹೆಸರಾಗಿತ್ತು.

ಎದುರಿನ ಟೊಮೆಟೊ ಮಾರುವವಳು ಕಿವಿ ನಿಮಿರಿಸಿದಳು. “ಅಫುವಾ ಅಂದ್ರೆ ನಾನು! ಬಿಡು ಟೀಚರಮ್ಮ, ನ್ಯಾಯ ಹೇಳೋಳು ನಾನೇ ಅಂತ ಬರಲಿ!”

“ಹೋಗೇ, ನಿನ್ನ ಜಗಳ ಬಿಡಿಸೋದೇ ನನಗೆ ದಿನಾ ಕೆಲಸ.” ಹಿರಿಯಾಕೆ ನನ್ನತ್ತ ತಿರುಗಿದಳು. “ನನ್ನ ಹೆಸರು ಹಾಕು. ಇಲ್ಲಾಂದ್ರೆ ಅಚ್ಚು ಹಾಕಿಸಲೇಬೇಡ.”

ನಾನು ಹಾಳೆಗಳನ್ನು ಮಡಿಲಲ್ಲಿಟ್ಟೆ. “ನಿಜ ಹೆಸರು ಹಾಕೋ ಹಾಗಿಲ್ಲ ಅವ್ವಾ. ನೀವು ಯಾರಂತ ಗೊತ್ತಾಗಿಬಿಡುತ್ತೆ.”

“ಗೊತ್ತಾಗುತ್ತಾ?” ಆಕೆ ಎದ್ದು, ಸೊಂಟಕ್ಕೆ ಕೈಕೊಟ್ಟು, “ಅಬೆನಾ!” ಎಂದು ಕೂಗಿದಳು.

ಒಣಮೀನಿನ ಸಾಲಿನಿಂದ, ಬಟ್ಟೆ ಸಾಲಿನಿಂದ, ಬಾಳೆಗೊನೆ ಹೊತ್ತು ಹೋಗುತ್ತಿದ್ದವರ ನಡುವಿನಿಂದ “ಏನವ್ವಾ?” “ಯಾರು ಕರೆದಿದ್ದು?” ಎಂಬ ದನಿಗಳೆದ್ದವು. ಹೊಲಿಗೆ ಯಂತ್ರವೊಂದು ಗಕ್ಕನೆ ನಿಂತಿತು.

“ಈಗ ಹುಡುಕಲಿ ನೋಡೋಣ, ನಿನ್ನ ಪತ್ರಿಕೆಯವರು!”

ನನಗೆ ನಗು ತಡೆಯಲಾಗಲಿಲ್ಲ. ಲೇಖನದಲ್ಲಿ ಊರಿನ ಹೆಸರಿಲ್ಲ, ಆಕೆ ಗೆಣಸು ಮಾರುವ ಸುದ್ದಿಯೂ ಇಲ್ಲ. ಅಲ್ಲೇ ಕೂತು ಫೋನಿನಲ್ಲೇ ಸಂಪಾದಕರಿಗೆ ಎಲ್ಲವನ್ನೂ ವಿವರಿಸಿ ಬರೆದೆ. ಕಳಿಸುವ ಮೊದಲು ಎಂದಿನಂತೆ ಮತ್ತೆ ಮತ್ತೆ ಓದಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಆಗಬಹುದು.

“ಒಪ್ಪಿದರು ಅವ್ವಾ!”

ಅಷ್ಟರಲ್ಲಿ ಅಬೆನಾಗಳೆಲ್ಲ ಸುತ್ತ ನೆರೆದಿದ್ದರು. “ಒಂದೇ ತಟ್ಟೇಲಿ ಉಣ್ಣಿಸೋ ಉಪಾಯ ನಾನು ಹೇಳಿಕೊಟ್ಟಿದ್ದಲ್ವಾ?” ಎಂದು ಮೀನಿನವಳು ತಗಾದೆ ತೆಗೆದಳು. “ನಾನು!” ಎಂದಳು ಇನ್ನೊಬ್ಬಳು. ಹಿರಿಯಾಕೆ ಇಬ್ಬರನ್ನೂ ಗದರತೊಡಗಿದಳು.

ನಾನು ಪೆನ್ನು ತೆಗೆದು ಅಫುವಾ ಇದ್ದಲ್ಲೆಲ್ಲ ಹೊಡೆದುಹಾಕಿ ಅಬೆನಾ ಎಂದು ಬರೆಯುತ್ತ ಹೋದೆ. ಟೊಮೆಟೊದವಳು ನನ್ನ ಹೆಗಲ ಮೇಲಿಂದ ಬಗ್ಗಿ ಬೇಡುತ್ತಿದ್ದಳು: “ಒಂದನ್ನಾದರೂ ಉಳಿಸೇ, ತಾಯಿ!”