ಹನ್ನೊಂದನೆಯ ಬೋಲ್ಟಿನ ಗೆರೆ

ಕಣ್ಣೆದುರಿನ ಫಲಕದಲ್ಲಿ ನಾಲ್ಕು ಬೋಲ್ಟು, ನಾಲ್ಕಕ್ಕೂ ಕೆಂಪು ಗೆರೆ, ಬೋಲ್ಟಿನ ತಲೆಯಿಂದ ತಗಡಿನ ಮೇಲಿಳಿದ ಗೆರೆ, ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತದೆ, ಬೇರೆಲ್ಲಿಗೆ ಹೋದೀತು, ತಲೆಗೂ ಪಟ್ಟಿ ಬಿಗಿದಿದ್ದಾರೆ, ತೊಟ್ಟಿಲು ತಿರುಗತೊಡಗಿದೆ — ಉಕ್ಕಿನ ಉದ್ದ ತೋಳಿನ ತುದಿಯ ಈ ಗೂಡಿಗೆ ಇಲ್ಲಿ ಎಲ್ಲರೂ ತೊಟ್ಟಿಲೆಂದೇ ಅನ್ನುತ್ತಾರೆ, ತೂಗುವವರಿಗೆ ಮಾತ್ರ ಕರುಣೆಯಿಲ್ಲ. ಹೆಬ್ಬೆರಳಿನಡಿ ಗುಂಡಿ, ಒತ್ತಿ ಹಿಡಿದಷ್ಟು ಹೊತ್ತು ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ, ಬಿಟ್ಟವರು ಗಂಟುಮೂಟೆ ಕಟ್ಟಬೇಕು. ಗಗನಯಾನದ ಆಯ್ಕೆಗೆ ಬಂದ ಐವತ್ತು ಜನರಲ್ಲಿ ಉಳಿದವರು ಮೂವರು, ಅವರಲ್ಲಿ ಇವಳೊಬ್ಬಳು, ಅಟ್ಟದ ಏಣಿ ಹತ್ತೋಕೆ ನಡುಗ್ತಿದ್ದೋಳು ಆಕಾಶಕ್ಕೆ ಹೋಗ್ತಾಳಂತೆ ಎಂದು ಅತ್ತೆ ನೆಂಟರೆದುರು ನಗುತ್ತಾಳೆ, ನಗುತ್ತಲೇ ಹೆಮ್ಮೆಪಡುತ್ತಾಳೆ. ಎದೆಯ ಮೇಲೆ ಒಬ್ಬರು ಕೂತ ಹಾಗಿದೆ, ಈಗ ಇಬ್ಬರು, ಉಸಿರು ಹೊಟ್ಟೆಯಿಂದ ಎಳೆ, ಕೂತವರು ಗೆರೆ ಮೇಷ್ಟ್ರಲ್ಲ, ಅವರು ಕಡ್ಡಿಯಂಥ ಮನುಷ್ಯ, ಇಷ್ಟು ಭಾರವಿರಲಿಲ್ಲ, ಹೆಣವನ್ನು ಎತ್ತುವಾಗಲೂ ಇರಲಿಲ್ಲ.

ಎಂಜಿನಿಯರಿಂಗ್ ಮುಗಿಸಿ ಒತ್ತಡ ಪರೀಕ್ಷೆಯ ಶೆಡ್ಡಿಗೆ ಬಂದ ದಿನ ಸ್ಪ್ಯಾನರನ್ನು ಉಲ್ಟಾ ಹಿಡಿದಿದ್ದಳು, ನಗದೆ ಇದ್ದವರು ಆ ಹಳೇ ಮೆಕ್ಯಾನಿಕ್ ಒಬ್ಬರೇ, ಶೆಡ್ಡಿನವರ ಬಾಯಲ್ಲಿ ಗೆರೆ ಮೇಷ್ಟ್ರು, ಮೊದಲು ಬಿಗಿ ಮಾಡು, ಆಮೇಲೆ ಗೆರೆ ಎಳಿ ಕಣಮ್ಮ, ಬೋಲ್ಟು ಒಂಚೂರು ತಿರುಗಿದ್ರೂ ಗೆರೆ ತುಂಡಾಗುತ್ತೆ, ಗೆರೆ ಅಂದ್ರೆ ಮಾತು ಕೊಟ್ಟ ಹಾಗೆ, ಅದನ್ನ ನೋಡಿನೇ ಇನ್ನೊಬ್ಬರು ಹತ್ರ ಬರೋದು. ಆರು ವರ್ಷ ಅವರ ಜೊತೆ, ಪ್ರತಿ ವರ್ಷ ಗಗನಯಾನಕ್ಕೆ ಅರ್ಜಿ, ಅರ್ಜಿಯ ಕಾಗುಣಿತ ತಿದ್ದಿದವರೂ ಅವರೇ — ಆ ಮಧ್ಯಾಹ್ನ ಟ್ಯಾಂಕಿನ ಮುಚ್ಚಳಕ್ಕೆ ಹನ್ನೆರಡು ಬೋಲ್ಟು, ಹತ್ತು ಬಿಗಿಸಿದ್ದಳು, ಫೋನು, ಮೊದಲ ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಕಾಲು ನೆಲದ ಮೇಲಿರಲಿಲ್ಲ, ಮರಳಿ ಬಂದು ಹನ್ನೆರಡನೆಯದನ್ನು ಬಿಗಿಸಿದಳು, ಕುಂಚ ಅದ್ದಿ ಹನ್ನೆರಡಕ್ಕೂ ಗೆರೆ ಎಳೆದಳು, ಎಷ್ಟು ಚಂದದ ಗೆರೆ, ಕೈ ಒಂದಿಷ್ಟೂ ನಡುಗಲಿಲ್ಲ. ಮೇಷ್ಟ್ರು ಗೆರೆಗಳನ್ನು ಎಣಿಸಿದರು, ಹನ್ನೆರಡು, ಒತ್ತಡ ಏರಿದ ಮೇಲೆ ಸೋರಿಕೆ ನೋಡಲು ಟಾರ್ಚು ಹಿಡಿದು ಬಗ್ಗಿದರು, ಮುಚ್ಚಳ ಹಾರಿತು.

ಎದೆಯ ಮೇಲೆ ಮೂವರು, ನಾಲ್ವರು, ನೋಟದ ಅಂಚು ಬೂದುಬಣ್ಣಕ್ಕೆ ತಿರುಗುತ್ತಿದೆ. ಹನ್ನೊಂದನೆಯ ಬೋಲ್ಟಿನ ಗೆರೆ ತುಂಡಾಗಿದೆ, ಅಂದರೆ ಬಿಗಿಸಿದ್ದನ್ನು ಯಾರೋ ಆಮೇಲೆ ಸಡಿಲಿಸಿದ್ದಾರೆ ಎಂದು ವಿಚಾರಣೆಯವರು ಬರೆದರು, ಆಮೇಲೆ ಹತ್ತಿರ ಹೋದವರು ಮೇಷ್ಟ್ರೊಬ್ಬರೇ, ಸತ್ತವರ ಬಾಯಿಗೆ ಯಾವ ಮಾತನ್ನಾದರೂ ತುರುಕಬಹುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ, ಇವಳು ಅದನ್ನೂ ಮಾಡಲಿಲ್ಲ, ಕೈ ಕಟ್ಟಿ ಕೂತಿದ್ದಳು. ಮೇಷ್ಟ್ರ ಹೆಂಡತಿ ಊಟದ ಡಬ್ಬಿ, ಕನ್ನಡಕ ತಗೊಂಡು ಹೋಗಲು ಬಂದಾಗ ಗೇಟಿನ ಹತ್ತಿರ ಕೈ ಹಿಡಿದುಕೊಂಡಿತು ಆ ಜೀವ, ಅವರು ಹಾಗೆ ಕೈಯಾಡಿಸೋರಲ್ಲ, ನಿಂಗೆ ಗೊತ್ತಲ್ಲ, ನೀನಾದ್ರೂ ಒಂದು ಮಾತು ಹೇಳಮ್ಮ. ಹೇಳುತ್ತೇನೆ ಅಂದಿದ್ದಳು, ಆಯ್ಕೆಯ ಮೊದಲ ಸುತ್ತು ಮುಗಿಯಲಿ ಅಂದುಕೊಂಡಳು, ಆಮೇಲೆ ಎರಡನೆಯದು, ಆಮೇಲೆ ವೈದ್ಯರದು, ನಾಚಿಕೆಯಾಗುತ್ತದೆ, ನಾಚಿಕೆಗೆ ಎಷ್ಟು ಭಾರವೆಂದು ಈ ಯಂತ್ರ ತೋರಿಸುವುದಿಲ್ಲ. ಐವರು. ಬಿಟ್ಟುಬಿಡು ಬೆರಳನ್ನು, ಇಳಿದು ಹೋಗಿ ಹೇಳು, ಹನ್ನೊಂದನೆಯದನ್ನು ನಾನು ಬಿಗಿಸಲೇ ಇಲ್ಲ, ಇಷ್ಟೇ, ಒಂದು ವಾಕ್ಯ, ಹೆಬ್ಬೆರಳು ಒತ್ತಿಕೊಂಡೇ ಇದೆ.

ವೇಗ ಇಳಿಯುತ್ತಿದೆ, ತಾನಾಗಿಯೇ, ಅವಧಿ ಮುಗಿಯಿತು, ಕಿವಿಯಲ್ಲಿ ವೈದ್ಯರ ದನಿ, ಪಾಸಾದ್ರಿ, ಏನಾದ್ರೂ ಹೇಳೋದಿದೆಯಾ. ಏನಿಲ್ಲ, ಆರಾಮಾಗಿದ್ದೀನಿ. ಹಾಗಾದ್ರೆ ಗುಂಡಿ ಬಿಡಿ, ನಿಂತಾಯ್ತಲ್ಲ. ಬಿಡುತ್ತೇನೆ, ಬೆರಳು ಬಿಡುತ್ತಿಲ್ಲ, ಕಣ್ಣೆದುರು ನಾಲ್ಕು ಬೋಲ್ಟು, ಯಾರೋ ಮೊದಲು ಬಿಗಿಸಿ ಆಮೇಲೆ ಎಳೆದದ್ದು, ಇಷ್ಟು ತಿರುಗಿದರೂ ಕೂದಲೆಳೆಯಷ್ಟೂ ಸರಿದಿಲ್ಲ, ಗುಂಡಿ ಬಿಡಿ ಅನ್ನುತ್ತಿದ್ದಾರೆ, ಗೆರೆ, ನೆಟ್ಟಗಿದೆ, ಕೆಂಪು ಗೆರೆ