ಮಾವ ಕೈಹಾಕಿದ ಲ್ಯಾಪ್‌ಟಾಪ್

ಮಧ್ಯಾಹ್ನ ಒಂದು ನಿದ್ದೆ ಮುಗಿಸಿ ಸೊಸೆ ಹೊರಗೆ ಬಂದಾಗ ಮಾವ ಊಟದ ಮೇಜಿನ ಮುಂದೆ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದರು. ಎದುರಿಗೆ ಅವಳ ಲ್ಯಾಪ್‌ಟಾಪ್. ಕಪ್ಪು ಪರದೆಯ ಮೇಲೆ ಬಿಳಿಯ ಒಂದೇ ಸಾಲು: ಆಪರೇಟಿಂಗ್ ಸಿಸ್ಟಮ್ ಸಿಗುತ್ತಿಲ್ಲ.

ಮಾವ ಕಾರ್ಖಾನೆಯಲ್ಲಿ ಲೇತ್ ನಡೆಸಿ ನಿವೃತ್ತರಾದವರು. ಆಮೇಲೆ ಮನೆಯ ಗಡಿಯಾರ, ಮಿಕ್ಸಿ, ಕಾಲಿಂಗ್ ಬೆಲ್ ಎಲ್ಲದರ ಹೊಟ್ಟೆಯನ್ನೂ ಒಂದೊಂದು ಸಲ ಬಗೆದು ನೋಡಿದ್ದರು. ಅಪ್ಪ ಸ್ಕ್ರೂಡ್ರೈವರ್ ಹಿಡಿದರೆ ಸಾಮಾನುಗಳೆಲ್ಲ ಉಸಿರು ಬಿಗಿಹಿಡಿಯುತ್ತವೆ ಎಂದು ಅವಳ ಗಂಡ ನಗೆಯಾಡುತ್ತಿದ್ದ. ಆದರೆ ಲ್ಯಾಪ್‌ಟಾಪಿನ ಸುದ್ದಿಗೆ ಅವರು ಎಂದೂ ಹೋದವರಲ್ಲ. ಸೊಸೆ ಮನೆಯಲ್ಲೇ ಕೂತು ಅಡುಗೆಮನೆ ಕಪಾಟುಗಳ ನಕ್ಷೆ ಬರೆಯುವವಳು. ಅದು ಅವಳ ಕೆಲಸದ ಸಾಮಾನು.

ಏನಾಯಿತೆಂದು ಕೇಳಿದಳು. ಅವರು ತಡವರಿಸಿಕೊಂಡು ಹೇಳಿದರು. ಲ್ಯಾಪ್‌ಟಾಪ್ ನಿಧಾನ ಅನ್ನಿಸಿತಂತೆ. ಬೀದಿ ಕೊನೆಯ ರಿಪೇರಿ ಅಂಗಡಿಯವನು ಹೊಸ ಸಿಸ್ಟಮ್ ತುಂಬಿದ ಪೆನ್‌ಡ್ರೈವ್ ಕೊಟ್ಟು, ಹಾಕುವುದು ನೀರು ಕುಡಿದಷ್ಟು ಸುಲಭ ಅಂದನಂತೆ. ಅರ್ಧದವರೆಗೂ ಚೆನ್ನಾಗಿಯೇ ಹೋಯಿತು. ಪರದೆ ಕಪ್ಪಾದಾಗ ಕೆಲಸ ಮುಗಿಯಿತೆಂದುಕೊಂಡು ಪೆನ್‌ಡ್ರೈವನ್ನು ಕಿತ್ತುಬಿಟ್ಟರು.

ಬೇರೆ ದಿನಗಳಾಗಿದ್ದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಕೊಡಬೇಕಾದ ನಕ್ಷೆಗಳೆಲ್ಲ ಅದರೊಳಗೇ ಇದ್ದವು. ಈಗ ಏನೂ ಆಗಲಿಲ್ಲ, ಸಿಟ್ಟು ಕೂಡ ಬರಲಿಲ್ಲ. ಐದನೇ ತಿಂಗಳಲ್ಲಿ ಗರ್ಭ ಹೋಗಿ ಆಸ್ಪತ್ರೆಯಿಂದ ಬಂದಾಗಿನಿಂದ ಹೀಗೇ. ಹಲ್ಲು ಕೀಳಿಸಿಕೊಂಡವರ ದವಡೆಯಂತೆ ಇಡಿಯಾಗಿ ಮರಗಟ್ಟಿದ್ದಳು. ಮುಟ್ಟಿದ್ದು ತಿಳಿಯುತ್ತಿತ್ತು, ಅಷ್ಟೇ.

ಕುರ್ಚಿ ಎಳೆದುಕೊಂಡಳು. ಪೆನ್‌ಡ್ರೈವ್ ಮತ್ತೆ ಸಿಕ್ಕಿಸಿ, ಅದರಿಂದಲೇ ಶುರುವಾಗುವಂತೆ ಮಾಡಿದಳು. ಇನ್‌ಸ್ಟಾಲ್ ಎಂಬ ದೊಡ್ಡ ಗುಂಡಿಯನ್ನು ಬಿಟ್ಟು ಮೂಲೆಯಲ್ಲಿದ್ದ ದುರಸ್ತಿಯ ದಾರಿ ಹಿಡಿದಳು. ಯಂತ್ರ ತನ್ನನ್ನು ತಾನೇ ಸರಿಪಡಿಸಿಕೊಳ್ಳಲು ಬಹಳ ಹೊತ್ತು ಹೆಣಗಿ, ಆಗಲಿಲ್ಲ ಎಂದು ಕೈಚೆಲ್ಲಿತು. ಆಮೇಲೆ ಫೋನಿನಲ್ಲಿ ಹುಡುಕಿ, ಪರದೆಯಲ್ಲಿ ಆದೇಶ ಬರೆಯುವ ಕಪ್ಪು ಕಿಟಕಿಯೊಂದನ್ನು ತೆರೆದು, ಫೋನಿನಲ್ಲಿ ಹೇಳಿದ್ದನ್ನು ಒಂದೊಂದೇ ಅಕ್ಷರ ನೋಡಿಕೊಂಡು ಟೈಪ್ ಮಾಡಿದಳು. ಅವಳ ಫೋಲ್ಡರುಗಳ ಹೆಸರುಗಳು ಸಾಲಾಗಿ ಬಂದವು.

“ಇದೆಯಾ?” ಎಂದರು ಮಾವ.

“ಇದೆ.”

ಮೊದಲು ಅವನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಲು ಹಚ್ಚಿದಳು. ಹೆಸರುಗಳು ಒಂದರ ಹಿಂದೊಂದು ನಿಧಾನಕ್ಕೆ ಮೇಲೇರುತ್ತಿದ್ದವು. ನೋಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಮಾವ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಿದ್ದರು.

“ನಿಧಾನ ಆಗಿದೆ ಅಂದೆನಲ್ಲಮ್ಮ, ಅದು ಸುಳ್ಳು,” ಎಂದರು. “ಅವತ್ತು ನೀನು ಬಟ್ಟೆ ಒಣಗಿಸೋಕೆ ಹೋಗಿದ್ದೆ. ಇದರ ಪರದೆ ಮೂಲೇಲಿ ಏನೋ ಟಿಣ್ ಅಂತ ಬಂತು. ಈ ವಾರ ನಿಮ್ಮ ಮಗು ಇಷ್ಟುದ್ದ ಇರುತ್ತೆ ಅಂತ.”

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಮುಚ್ಚಿದೆ. ಮುಂದಿನ ವಾರ ಮತ್ತೆ ಬಂತು. ನೀನು ನೋಡೋಕೆ ಮುಂಚೆ ಬೇರುಸಹಿತ ಕಿತ್ತುಹಾಕೋಣ ಅಂದ್ಕೊಂಡೆ. ಹೊಸ ಸಿಸ್ಟಮ್ ಹಾಕಿದ್ರೆ ಹಳೇದೆಲ್ಲ ಹೋಗುತ್ತೆ ಅಂದ ಅಂಗಡಿಯವನು.”

“ನಾನು ನೋಡಿದೀನಿ ಮಾವ. ಬಸುರಿ ಅಂತ ಗೊತ್ತಾದಾಗ ಒಂದು ಸೈಟಿಗೆ ಹೆಸರು ಕೊಟ್ಟಿದ್ದೆ, ಅಲ್ಲಿಂದ ಪ್ರತಿ ವಾರ ಬರುತ್ತೆ.”

ಅವರ ಹೆಬ್ಬೆರಳು ನಿಂತಿತು. ಅವಳು ಆಸ್ಪತ್ರೆಯಿಂದ ಬಂದ ಮೇಲೆ ಆ ವಿಷಯ ಮಾವನ ಬಾಯಲ್ಲಿ ಬಂದದ್ದು ಇದೇ ಮೊದಲು. ಗಂಡನಂತೂ ಮಾತು ಆ ಕಡೆ ತಿರುಗಿದರೆ ಎದ್ದುಹೋಗುತ್ತಿದ್ದ.

“ಅದನ್ನ ನಿಲ್ಲಿಸೋಕೆ ಇಷ್ಟೆಲ್ಲ ಬೇಕಿರಲಿಲ್ಲ,” ಎಂದಳು. “ಒಂದು ಗುಂಡಿ ಒತ್ತಿದ್ರೆ ಸಾಕಿತ್ತು.”

“ಒಂದೇ?”

ಅವರ ಮುಖ ನೋಡಿ ಅವಳ ಮೂಗಿನಿಂದ ಸದ್ದೊಂದು ಹೊರಬಿತ್ತು. ನಗು ಇರಬೇಕು. ಅವಳಿಗೇ ಖಾತ್ರಿಯಾಗಲಿಲ್ಲ.

ಇಳಿಸುವುದು ಮುಗಿದ ಮೇಲೆ ಯಂತ್ರ ಶುರುವಾಗಲು ಬೇಕಾದ ಕಡತಗಳನ್ನು ಹೊಸದಾಗಿ ಬರೆಸಿದಳು. ಒಂದು ಸಲ ಅಕ್ಷರ ತಪ್ಪಿತು. ಎರಡನೇ ಸಲ ಒಪ್ಪಿಕೊಂಡಿತು. ಪೆನ್‌ಡ್ರೈವ್ ತೆಗೆಯಬಹುದೇ ಎಂದು ಮಾವ ಕೇಳಿ, ಅವಳು ಹೂಂ ಅಂದ ಮೇಲೆಯೇ ತೆಗೆದರು. ಬಿಳಿ ಚುಕ್ಕೆಗಳು ಸುತ್ತಿದವು. ಹಿಂದಿನ ಸಿಸ್ಟಮ್ಮಿಗೆ ಮರಳಲಾಗುತ್ತಿದೆ ಎಂಬ ಸಾಲು ಬಂತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಕಡೆಗೆ ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳಿತು.

ಮಾವ ದೊಡ್ಡದಾಗಿ ಉಸಿರುಬಿಟ್ಟರು. “ಇನ್ನು ಆ ಗುಂಡಿ ಒತ್ತಿಬಿಡು.”

ಅವಳು ಆ ಸಂದೇಶ ನಿಲ್ಲಿಸುವ ಪುಟ ತೆರೆದಳು. ಮೌಸಿನ ಮೇಲೆ ಕೈಯಿಟ್ಟಳು. ಒತ್ತಬೇಕೆಂದೂ ಬೇಡವೆಂದೂ ಒಳಗಿನಿಂದ ಯಾವ ಮಾತೂ ಬರಲಿಲ್ಲ.

“ಇರ್ಲಿ ಮಾವ. ಇನ್ನೊಂದೆರಡು ತಿಂಗಳು. ಆಮೇಲೆ ಅದಾಗೇ ನಿಲ್ಲುತ್ತೆ.”

ಅವರು ಬೆರಳು ಮಡಿಸಿ ತಿಂಗಳು ಎಣಿಸಿದರು; ಎಣಿಕೆ ಒಂಬತ್ತಕ್ಕೆ ಬಂದು ನಿಂತಿತು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡರು.

“ಹಾಗಾದ್ರೆ ಬಂದಾಗ ನನ್ನನ್ನೂ ಕರಿ,” ಎಂದರು. “ಒಬ್ಬಳೇ ನೋಡಬೇಡ.”

ಅವಳು ಹೂಂ ಅಂದಳು.

ನಕ್ಷೆಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಎಲ್ಲ ನೆಟ್ಟಗಿದ್ದವು. ಮಾವ ಎದ್ದುಹೋಗಲಿಲ್ಲ; ಕುರ್ಚಿಯನ್ನು ಇನ್ನಷ್ಟು ಹತ್ತಿರ ಜರುಗಿಸಿ, ಈ ಚೌಕ ಯಾವುದು ಎಂದು ಕೇಳಿದರು. ಸಿಂಕ್ ಎಂದಳು. ಪಕ್ಕದ್ದು? ತಟ್ಟೆ ಜೋಡಿಸುವ ಡ್ರಾಯರ್ ಎಂದಳು. ಡ್ರಾಯರ್ ಎಳೆದರೆ ಬಾಗಿಲಿಗೆ ತಗುಲುವುದಿಲ್ಲವೇ ಎಂದರು. ಅವಳು ಅಳತೆ ನೋಡತೊಡಗಿದಳು.